ಕಪಾಟಿನ ಕೀಲಿಕೈ ಯಾರ ಹತ್ರ ಐತ್ರಿ?

ಮಾನ್ಯ ಸಂಶೋಧಕ ಮಹನೀಯರೇ,

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸಮಸ್ತ ಮಾಹಿತಿದಾರರ ಪರವಾಗಿ ಶಿರಸಾಷ್ಟಾಂಗ ನಮಸ್ಕಾರ. ಸಮಸ್ತರೇನೂ ನನಗೆ ಒಪ್ಪಿಗೆ ಪತ್ರ ಬರೆದುಕೊಟ್ಟಿಲ್ಲ. ನೀವೂ ಬರೆಸಿಕೊಂಡವರಲ್ಲವಾದ್ದರಿಂದ ಈ ವಿಷಯದಲ್ಲಿ ನಾವು ನಾವೇ.

ನೀವು ಬಂದಾಗ ನಾವು ಯಾವತ್ತೂ ಇಲ್ಲ ಅಂದವರಲ್ಲ. ಗೋವಿನಜೋಳಕ್ಕೆ ಎಷ್ಟು ಗೊಬ್ಬರ ಅಂದಿರಿ, ಹೇಳಿದೆವು. ಬೋರಿಗೆ ಎಷ್ಟು ಫೂಟಿನಲ್ಲಿ ನೀರು ಬಿತ್ತು ಅಂದಿರಿ, ಬೀಳದ ಬೋರುಗಳ ಲೆಕ್ಕವನ್ನೂ ಸೇರಿಸಿ ಹೇಳಿದೆವು. ಹೆಂಡತಿಗೆ ಹೇಳದ ಸಾಲವನ್ನು ನಿಮ್ಮ ಪ್ರಶ್ನಾವಳಿಗೆ ಹೇಳಿದ್ದೇವೆ. ಮರುವರ್ಷ ಇನ್ನೊಬ್ಬರು ಬಂದು ಅದನ್ನೇ ಕೇಳಿದರು. ಹೋದ ವರ್ಷವೇ ಬರೆದುಕೊಂಡು ಹೋದಿರಲ್ಲ ಎಂದರೆ, 'ಅದು ಬ್ಯಾರೆ ಯೂನಿವರ್ಸಿಟಿ ರೀ' ಅಂದರು. ಸಾಲ ಮಾತ್ರ ಅದೇ ಇತ್ತು, ಬಡ್ಡಿ ಸೇರಿತ್ತು.

ಸವಣೂರಿನ ಮೂರು ದೊಡ್ಡಹುಣಸೆ ಮರಗಳನ್ನೇ ನೋಡಿ. ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಅವುಗಳ ಬೊಡ್ಡೆಗೆ ನೀವು ಟೇಪು ಸುತ್ತಿದಷ್ಟು ಸಲ ನಮ್ಮ ಕಡೆಯ ದರ್ಜಿಗಳು ಮದುಮಗನ ಸೊಂಟಕ್ಕೂ ಸುತ್ತಿರಲಿಕ್ಕಿಲ್ಲ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿತು, ಎತ್ತಿ ಮತ್ತೆ ನೆಟ್ಟರು. ಹತ್ತಿಪ್ಪತ್ತು ವರ್ಷಗಳಲ್ಲಿ ಅದು ಎಷ್ಟು ಬೆಳೆಯಿತು, ಎಷ್ಟು ಸೊರಗಿತು ಎಂದು ತಿಳಿಯಬೇಕಾದರೆ ಹಳೆಯ ಅಳತೆಗಳೇ ಬೇಕು. ಯಾವ ಅಳತೆ ಯಾರ ನೋಟ್‌ಬುಕ್ಕಿನಲ್ಲಿದೆ ಎಂದು ಊರವರು ಯಾರನ್ನು ಕೇಳಬೇಕು ಹೇಳಿ.

ಇರಲಿ, ಮರದ ಮಾತು ಮರಕ್ಕೆ. ನನ್ನ ಸಿಟ್ಟು ನಮ್ಮ ದೊಡ್ಡವ್ವನ ಸಲುವಾಗಿ.

ಬಹಳ ವರ್ಷಗಳ ಹಿಂದೆ ನಿಮ್ಮಲ್ಲೊಬ್ಬರು ಟೇಪ್ ರೆಕಾರ್ಡರ್ ಹಿಡಿದು ನಮ್ಮ ಮನೆಗೆ ಬಂದಿದ್ದರು. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಬೀಸುವ ಪದ, ಸೋಬಾನ ಪದ ಹಾಡಿದಳು. ಸತ್ತವರ ಮುಂದೆ ಹಾಡಿ ಅಳುವ ಪದ ಕೇಳಿದಾಗ ಮಾತ್ರ, ಮನೆಯಲ್ಲಿ ಎಲ್ಲರೂ ಬದುಕಿರುವಾಗ ಅದನ್ನು ಬಾಯಲ್ಲಿ ತರಬಾರದು ಎಂದು ತಕರಾರು ತೆಗೆದಳು. 'ಸಂಶೋಧನಾಕ್ಕ ಬೇಕವ್ವ' ಎಂದು ಒಪ್ಪಿಸಿದರು. ಫ್ಯಾನ್ ಬಂದ್ ಮಾಡಿಸಿದರು, ಅಂಗಳದ ಕೋಳಿ ಓಡಿಸಿದರು, ರೊಟ್ಟಿ ಎಣ್ಣೆಗಾಯಿ ಉಂಡರು. ಎಷ್ಟು ರೊಟ್ಟಿ ಎಂಬುದು ಗೋಪ್ಯ ದತ್ತಾಂಶ, ಹೇಳುವುದಿಲ್ಲ. ಅವರಿಗೆ ಡಾಕ್ಟರೇಟ್ ಆಯಿತು. ದೊಡ್ಡವ್ವ ತೀರಿಕೊಂಡಳು. ಈಗ ಅವಳ ಮೊಮ್ಮಗಳ ಮದುವೆ ಗೊತ್ತಾಗಿದೆ, ಸುರಗಿ ಸುತ್ತುವಾಗ ಹಾಡುವ ಪದ ಮನೆಯಲ್ಲಿ ಯಾರಿಗೂ ಪೂರ್ತಿ ಬರುವುದಿಲ್ಲ.

ಆ ಪದ ಹುಡುಕಲು ಹೊರಟರೆ ಅವರ ಪ್ರಬಂಧವೇನೋ ಸಿಕ್ಕಿತು. ಪಿಎಚ್.ಡಿ. ಪ್ರಬಂಧದ ಪ್ರತಿಯನ್ನು ಎಲ್ಲರೂ ನೋಡುವಂತೆ ಇಡಬೇಕೆಂದು 2009ರಲ್ಲಿ ಯುಜಿಸಿ ನಿಯಮ ಮಾಡಿತಲ್ಲ, ಹುಡುಗರು ಶೋಧಗಂಗಾ ಎಂಬ ಪ್ರಬಂಧಗಳ ಜಾಲತಾಣದಲ್ಲಿ ಮುಳುಗಿ ಹುಡುಕಿಕೊಟ್ಟರು. ಅನುಬಂಧದಲ್ಲಿ ದೊಡ್ಡವ್ವ ಇದ್ದಳು. ಹೆಸರು, ವಯಸ್ಸು, ಜಾತಿ, ಊರು, 'ಅನಕ್ಷರಸ್ಥೆ', ಉದ್ಯೋಗ 'ಮನೆಗೆಲಸ'. ಜೀವಮಾನವಿಡೀ ಭತ್ತದ ಗದ್ದೆಯ ಕೆಸರಿನಲ್ಲಿ ನಿಂತವಳ ಉದ್ಯೋಗ ಅದು. ಪದಗಳು ಮಾತ್ರ ಅಲ್ಲೊಂದು ನುಡಿ ಇಲ್ಲೊಂದು ನುಡಿ, ಉಳಿದದ್ದಕ್ಕೆ ಚುಕ್ಕೆ ಚುಕ್ಕೆ. ಧ್ವನಿಮುದ್ರಣ ಎಲ್ಲಿದೆ ಎಂದು ಒಂದೇ ಒಂದು ಸಾಲಿಲ್ಲ.

ಹೋದ ವಾರ ಆ ಪ್ರಬಂಧ ಸಲ್ಲಿಕೆಯಾದ ವಿಭಾಗಕ್ಕೇ ಹೋದೆ. ಜಾನಪದಕ್ಕೆಂದೇ 2011ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ನಮ್ಮ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ, ಇದು ಅದಲ್ಲ. ಬಸ್ಸು ಬದಲಿಸಿ ಹೋಗಬೇಕಾದ ಇನ್ನೊಂದು. ಹೆಸರು ಹೇಳುವುದಿಲ್ಲ, ಸಂಶೋಧನಾ ನೀತಿ ನನಗೂ ಗೊತ್ತು. 'ಸಾಹೇಬ್ರು ನ್ಯಾಕ್ ಮೀಟಿಂಗಿನ್ಯಾಗ ಅದಾರ, ಕುಂದ್ರಿ' ಅಂದರು. ಕುಂತೆ. ಊಟದ ಹೊತ್ತು ಮೀರಿ, ಚಹಾದ ಹೊತ್ತೂ ಮೀರಿದ ಮೇಲೆ ಗುಮಾಸ್ತರೊಬ್ಬರು ಮೂಲೆಯ ಕಪಾಟು ತೋರಿಸಿದರು. 'ಕ್ಯಾಸೆಟ್ಟೆಲ್ಲಾ ಅದರಾಗ ಇರಬೇಕ್ರಿ. ಕೀಲಿಕೈ ಹಿಂದಿನ ಸಾಹೇಬ್ರ ಹತ್ರ ಇತ್ತು, ಅವರು ರಿಟೈರ್ ಆದ್ರು.' ಕಪಾಟಿನ ಮೇಲೆ ಹಳೆಯ ಸೆಮಿನಾರುಗಳ ಬ್ಯಾಗು, ಅವುಗಳ ಮೇಲೊಂದು ತೂತು ಬಿದ್ದ ಡೊಳ್ಳು. ಜಾನಪದ ಸಂರಕ್ಷಣೆ ಅಂದರೆ ಇದೇ ಇರಬೇಕು ಅಂದುಕೊಂಡೆ.

ಡಾಕ್ಟರರಿಗೇ ಫೋನ್ ಮಾಡಿದೆ. ಅದು ತಮ್ಮ ಡೇಟಾ, ಅದರ ಮೇಲೆ ಇನ್ನೊಂದು ಪುಸ್ತಕ ಬರೆಯುವುದಿದೆ ಅಂದರು. ಮೇಲಾಗಿ ಮಾಹಿತಿದಾರರ ಖಾಸಗಿತನದ ಪ್ರಶ್ನೆಯಂತೆ.

ಖಾಸಗಿತನ! ಅವಳ ಜಾತಿ ಅಚ್ಚು ಹಾಕಿಸುವಾಗ ಇಲ್ಲದ ಖಾಸಗಿತನ ಅವಳ ದನಿ ಕೇಳಲು ಬಂದಾಗ ಎಲ್ಲಿಂದ ಬಂತು? ಹೆಸರು ಮರೆಮಾಡಿ ಪದ ಕೊಡಬೇಕಾದವರು ಪದ ಮರೆಮಾಡಿ ಹೆಸರು ಕೊಟ್ಟಿದ್ದೀರಿ. ದನಿ ದೊಡ್ಡವ್ವನದು, ಫೆಲೋಶಿಪ್ ಸರ್ಕಾರದ್ದು, ರೊಟ್ಟಿ ನಮ್ಮದು. ನಿಮ್ಮದು ಅಂತ ಇದ್ದದ್ದು ಕೀಲಿಕೈ ಒಂದೇ, ಅದನ್ನೂ ಕಳೆದಿದ್ದೀರಿ. ಕ್ಯಾಸೆಟ್ಟಿನ ಟೇಪಿಗೆ ಬೂಸುರು ಬರುತ್ತದೆ, ಸುರುಳಿ ಅಂಟಿಕೊಳ್ಳುತ್ತದೆ. ಇನ್ನೊಂದು ಪುಸ್ತಕ ಬರೆಯುವವರೆಗೆ ಅದು ಕಾಯುವುದಿಲ್ಲ. ಈ ಮಾತಿನಲ್ಲಿ ವ್ಯಂಗ್ಯ ಇಲ್ಲ.

ಇದು ಹೊಸ ಕಾಲದ ಹೊಸ ಬೇಡಿಕೆ ಅನ್ನಬೇಡಿ. ಧಾರವಾಡ ಸೀಮೆಯಲ್ಲಿ ಕಂಪನಿ ಸರ್ಕಾರದ ನೌಕರಿಗಿದ್ದ ವಾಲ್ಟರ್ ಎಲಿಯಟ್ ಸುಮಾರು 200 ವರ್ಷಗಳ ಹಿಂದೆ ಶಾಸನಗಳ ನಕಲು ಮಾಡಿಸಿದ, ಒಟ್ಟು 595. ಮನೆಯ ಕಪಾಟಿಗೆ ಕೀಲಿ ಹಾಕಿ ಕೂಡಲಿಲ್ಲ, ಪ್ರತಿಯನ್ನು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಕೊಟ್ಟ. ಮುಂದೆ ಶಾಸನತಜ್ಞ ಫ್ಲೀಟ್ ಈ ಸೀಮೆಯ ರಾಜವಂಶಗಳ ಚರಿತ್ರೆ ಬರೆಯುವಾಗ ಎಲಿಯಟ್ ಸಂಗ್ರಹದ ಇಂಥ ಸಂಪುಟ, ಇಂಥ ಪುಟ ಎಂದು ನಮೂದಿಸಲು ಸಾಧ್ಯವಾಯಿತು. ಎಲಿಯಟ್ ಪರದೇಶಿ ಅಂತೀರಾ? ಉತ್ತಂಗಿ ಚನ್ನಪ್ಪನವರು ನಮ್ಮವರೇ. ಹಿರೇಕೆರೂರು ಸೀಮೆಯ ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಮಾಡಿಸಿ ಜನರ ಕೈಗಿಟ್ಟರು. ಆಗ ಯುಜಿಸಿಯೂ ಇರಲಿಲ್ಲ, ನ್ಯಾಕೂ ಇರಲಿಲ್ಲ. ಸಾರ್ವಜನಿಕ ಹಣದಲ್ಲಿ ಸಂಗ್ರಹಿಸಿದ ದತ್ತಾಂಶ ಸಾರ್ವಜನಿಕರಿಗೂ ಸಿಗಲಿ ಎಂದು ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ 2012ರಲ್ಲೇ ಒಂದು ನೀತಿ ಮಾಡಿದೆ. ಸರ್ಕಾರಿ ಇಲಾಖೆಗೇ ಬಂದ ಬುದ್ಧಿ ನಿಮಗೆ ಬರಬಾರದೇ?

ನಾನು ನಿಮ್ಮ ಡೇಟಾ ಪೂರ್ತಿ ಕೊಡಿ ಅನ್ನುವುದೂ ಇಲ್ಲ. ಪ್ರಬಂಧದ ಕೊನೆಗೆ ಒಂದು ಪುಟ ಸೇರಿಸಿ ಸಾಕು. ಏನೇನು ಸಂಗ್ರಹಿಸಿದ್ದೀರಿ, ಯಾವ ಊರಿನಲ್ಲಿ, ಯಾವ ವರ್ಷ, ಕ್ಯಾಸೆಟ್ಟೋ ಕಾಗದವೋ, ಈಗ ಎಲ್ಲಿದೆ, ಯಾರನ್ನು ಕೇಳಬೇಕು. ಕೊಡಲು ಆಗದಿದ್ದರೆ ಯಾಕೆ ಆಗದು ಎಂದೂ ಬರೆಯಿರಿ. ಹಾಡಿದವರ ಮನೆಗೆ ಒಂದು ಪ್ರತಿ ಕಳಿಸಿ, ಅಂಚೆ ಖರ್ಚು ಬೇಕಾದರೆ ನಮ್ಮದು. ಜಾತಿಯ ಕಾಲಂ ಬಿಡಿ, ಆ ಜಾಗದಲ್ಲಿ ಕಪಾಟಿನ ನಂಬರು ಬರೆಯಿರಿ.

ಮದುವೆ ಬರುವ ವೈಶಾಖಕ್ಕೆ. ಅಷ್ಟರೊಳಗೆ ಕೀಲಿಕೈ ಸಿಕ್ಕರೆ ತಿಳಿಸಿ. ಸಿಗದಿದ್ದರೆ ಕೀಲಿ ತೆಗೆಯುವ ಒಳ್ಳೆಯ ಕೆಲಸಗಾರರು ಹಾನಗಲ್ಲ ಪೇಟೆಯಲ್ಲಿದ್ದಾರೆ, ಬಸ್ ಚಾರ್ಜು ಕೊಟ್ಟು ನಾನೇ ಕರೆತರುತ್ತೇನೆ. ನೀವು ಕಪಾಟಿನ ಮೇಲಿನ ಡೊಳ್ಳು ಇಳಿಸಿ ಇಟ್ಟಿರಿ.

ಇಂತಿ ನಿಮ್ಮ ವಿಶ್ವಾಸಿ,
ಅನುಬಂಧದ ಅನಕ್ಷರಸ್ಥೆಯೊಬ್ಬಳ ಮಗ
ಹಾನಗಲ್ಲ ತಾಲ್ಲೂಕು