ಓವಲ್‌ದಾಗ ಫಾಲೋ ಆನ್ ಯಾಕ ಕೊಡಲಿಲ್ಲ?

"319 ರನ್ ಲೀಡ್ ಇಟಗೊಂಡು ಫಾಲೋ ಆನ್ ಕೊಡದಾಂವನ್ನ ಕ್ಯಾಪ್ಟನ್ ಅಂತಾರೇನ್ರೀ ಕಾಕಾ?"

ಬೇಲಿ ಈ ಕಡೆಯಿಂದ ಇಷ್ಟು ಕೇಳಿದ್ದೇ ತಡ, ಆ ಕಡೆ ಶೇಂಗಾ ಸುಲಿಯುತ್ತ ಕೂತಿದ್ದ ಕಾಕಾ ಮೊರ ಬದಿಗಿಟ್ಟರು. ದ್ರಾವಿಡ್‌ಗೆ ಯಾರಾದರೂ ಒಂದು ಮಾತು ಅಂದರೆ ಕಾಕಾನ ಚಹಾ ಆರಿಹೋಗುತ್ತದೆ.

"2007ರ ಓವಲ್ ಅಲ್ಲೇನು? ಸರಣಿ 1-0 ನಮ್ಮ ಕೈಯಾಗಿತ್ತಲೇ. ಇಂಗ್ಲೆಂಡಿನಾಗ 1986ರ ಮ್ಯಾಲೆ ಒಂದೂ ಸರಣಿ ಗೆದ್ದಿದ್ದಿಲ್ಲ. ಬೌಲರ್‌ಗೋಳು ನೂರು ಓವರ್ ಮ್ಯಾಲೆ ಹಾಕಿ ದಣದಿದ್ರು. ಡ್ರಾ ಆದ್ರ ಸಾಕಿತ್ತು."

"ಸಾಕಿತ್ತು ಖರೆ. ಆದ್ರ ಮತ್ತ ಬ್ಯಾಟಿಂಗಿಗೆ ಇಳದು 11ಕ್ಕ 3 ವಿಕೆಟ್! ನಿಮ್ಮ ದ್ರಾವಿಡ್ 96 ಬಾಲಿಗೆ 12! 500 ಹೊಡೀರಿ ಅಂತ ಬಿಟ್ಟಮ್ಯಾಲೆ ಅವರು 369ಕ್ಕ 6 ಆಗಿ ಉಳಕೊಂಡ್ರು. ಸಹಕಾರಿ ಸಾಲದ ಸೊಸೈಟಿ ಊರಾಗ ಹುಟ್ಟಿದ್ದಕ್ಕ ಹಿಂಗಂತೀರಿ ಬಿಡ್ರಿ. ಜಾಮೀನು ನೋಡದ ಒಂದು ಹೆಜ್ಜಿ ಮುಂದ ಇಡಂಗಿಲ್ಲ."

"ಸೊಸೈಟಿ ಸುದ್ದಿ ತಗೀಬ್ಯಾಡ. 1905ರಾಗ ನಮ್ಮೂರ ಸಿದ್ಧನಗೌಡ್ರು ಈ ಸೊಸೈಟಿ ಹುಟ್ಟಿಸಿದಾಗ ದೇಶದಾಗ ಇಂಥಾವು ಭಾಳ ಇದ್ದಿದ್ದಿಲ್ಲ. ಅಂಜೋರ ಕೆಲಸೇನು ಅದು?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕಾಕಾ ಬಿಡಲಿಲ್ಲ.

"2004ರ ಮುಲ್ತಾನ್ ನೆನಸ್ಕೋ. ಗಂಗೂಲಿ ಇಲ್ಲಂತ ಇವನ ಕ್ಯಾಪ್ಟನ್. ಸಚಿನ್ 194ರಾಗ ನಿಂತಿದ್ದ, ಡಿಕ್ಲೇರ್ ಮಾಡಿಬಿಟ್ಟ. ಪಾಕಿಸ್ತಾನದಾಗ ನಮ್ಮ ಮೊದಲನೇ ಟೆಸ್ಟ್ ಗೆಲುವು ಅದು, ಅದೂ ಇನ್ನಿಂಗ್ಸ್ ಗೆಲುವು. ಅವತ್ತು ದೇಶಾನ ಬೈತು, ಭಾಳ ಅವಸರ ಮಾಡಿದ ಅಂತ."

"ಹಂಗಾರ ಮೂರು ವರ್ಷದಾಗ ಧೈರ್ಯ ಎಲ್ಲಿ ಹೋತು?"

"ವಾಂಖೆಡೆಯಾಗ ಹೋತು." ಕಾಕಾ ಸಣ್ಣಗೆ ನಕ್ಕರು. "2006ರ ಮಾರ್ಚ್. ಆಗೂ ಇದ ಇಂಗ್ಲೆಂಡು, ಆಗೂ ಸರಣಿ 1-0 ನಮ್ಮ ಕೈಯಾಗ, ಆಗೂ ಕಡೀ ಟೆಸ್ಟು. ಇವಂದು ನೂರನೇದು ಬ್ಯಾರೆ. ಟಾಸ್ ಗೆದ್ದು ಫೀಲ್ಡಿಂಗ್ ತಗೊಂಡ. ಕಡೀ ದಿನ 100ಕ್ಕ ಆಲೌಟ್, 212 ರನ್ನಿನ ಸೋಲು, ಸರಣಿ 1-1. ಅಂಥಾ ಪೆಟ್ಟು ತಿಂದಾಂವ ಓವಲ್‌ದಾಗ ಮತ್ತ ಜೂಜಾಡಬೇಕಿತ್ತೇನು?"

ಹೌದಲ್ಲ! ಓವಲ್ ಅಂದಾಗಲೆಲ್ಲ ನಾವು ಓವಲ್ ಒಂದನ್ನೇ ಹಿಡಿದು ಜಗ್ಗಾಡುತ್ತೇವೆ, ವಾಂಖೆಡೆಯನ್ನು ಯಾರೂ ಪಕ್ಕಕ್ಕಿಟ್ಟು ನೋಡುವುದಿಲ್ಲ. ಆದರೂ ಸೋಲೊಪ್ಪಲು ಮನಸ್ಸಿಲ್ಲ. ನಮ್ಮ ಗದಗಿನ ಸುನಿಲ್ ಜೋಶಿಯನ್ನು ಎಳೆತಂದೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್.

"ಅಂಥಾ ಬೌಲರ್ ಇದ್ದಿದ್ರ ಓವಲ್‌ದಾಗ ಫಾಲೋ ಆನ್ ಕೊಡ್ತಿದ್ದ, ಹೌದಲ್ರೀ?"

"ಅದು ಒಂದು ದಿನದ್ದು."

"ಆದ್ರೂ ಹೇಳ್ರಿ."

ಕಾಕಾ ಮೊರ ಎತ್ತಿಕೊಂಡರು. "ಜೋಶಿ ಇದ್ದಿದ್ರ ಕೊಡ್ತಿದ್ದ. ಆದ್ರ ಖರೆ ಹೇಳ್ಲೇನು? ಆ 96 ಬಾಲು ಮಾತ್ರ ನನಗೂ ನೋಡಾಕ ಆಗಿದ್ದಿಲ್ಲ, ಎದ್ದು ಎತ್ತಿಗೆ ಮೇವು ಹಾಕಾಕ ಹೋಗಿದ್ದೆ."