ಅಪಾಯ ಮೀಮಾಂಸೆ: ಎರಡು ಮೂಳೆಗಳ ಸಾಕ್ಷ್ಯಸಹಿತ

'ಅಪಾಯ' ಎಂದರೇನೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಅದನ್ನು ವಿವರಿಸುವುದು ವಿದ್ವಾಂಸರ ಕರ್ತವ್ಯವಾಗುತ್ತದೆ.

ಮೊದಲು ವ್ಯುತ್ಪತ್ತಿ. ಸಂಸ್ಕೃತದಲ್ಲಿ 'ಇ' ಧಾತುವಿಗೆ ಹೋಗುವುದು ಎಂದರ್ಥ. ಅದರ ಹಿಂದೆ 'ಅಪ' ಸೇರಿದರೆ ಅಪಾಯ, ದೂರ ಹೋಗುವುದು. 'ಉಪ' ಸೇರಿದರೆ ಉಪಾಯ, ಹತ್ತಿರ ಹೋಗುವುದು. ಅಷ್ಟಾಧ್ಯಾಯಿಯ ಒಂದನೇ ಅಧ್ಯಾಯ, ನಾಲ್ಕನೇ ಪಾದ, 24ನೇ ಸೂತ್ರದಲ್ಲಿ ಪಾಣಿನಿ ಈ ಪದ ಬಳಸಿದ್ದು ಬರೀ ಅಗಲಿಕೆಯ ಅರ್ಥದಲ್ಲಿ. ಮರದಿಂದ ಎಲೆ ಉದುರಿದರೆ ಅದೊಂದು ಅಪಾಯ. ತೆಂಗಿನಕಾಯಿ ಉದುರಿದರೂ ಅಷ್ಟೇ. ಕೆಳಗೆ ಸ್ಕೂಟರ್ ನಿಲ್ಲಿಸಿದವನ ಅಹವಾಲು ಆ ಸೂತ್ರದ ವ್ಯಾಪ್ತಿಗೆ ಬರುವುದಿಲ್ಲ. 25ನೇ ಸೂತ್ರದ ಹೊತ್ತಿಗೆ ಮುನಿಗೂ ಏನೋ ಹೊಳೆದಂತಿದೆ: ಭಯಕ್ಕೆ ಕಾರಣವಾದದ್ದೂ ಅಗಲಿಕೆಯ ಪಂಚಮಿ ವಿಭಕ್ತಿಗೇ ಸೇರಲಿ ಎಂದ. ಅಂದರೆ ಹೆದರುವುದು ಹುಲಿಯ ದೆಸೆಯಿಂದ. ಹೆದರುತ್ತಲೇ ಹುಲಿಯಿಂದ ನಾಲ್ಕು ಹೆಜ್ಜೆ ಹಿಂದೆ.

ಕನ್ನಡಿಗ ಇದಕ್ಕೆ ಸೊಪ್ಪು ಹಾಕಲಿಲ್ಲ. ಅವನು ಹುಲಿಗೆ ಹೆದರುತ್ತಾನೆ. ಚತುರ್ಥಿ! ನಾಯಿಗೆ ರೊಟ್ಟಿ ಹಾಕುವುದಕ್ಕೆ, ನೆಂಟರಿಗೆ ಕಾಫಿ ಕೊಡುವುದಕ್ಕೆ, ಜಾತ್ರೆಗೆ ಹೋಗುವುದಕ್ಕೆ ಯಾವ ವಿಭಕ್ತಿಯೋ ಹೆದರುವುದಕ್ಕೂ ಅದೇ. ಪಂಚಮಿಯವನು ಅಪಾಯದಿಂದ ಓಡುತ್ತಾನೆ. ಚತುರ್ಥಿಯವನು ಏನಾಯ್ತೆಂದು ನೋಡಲು ಅಪಾಯದ ಕಡೆಗೇ ಓಡುತ್ತಾನೆ. ಕೆರೆಗೆ ಬಸ್ಸು ಬಿದ್ದಾಗ ಏರಿಯ ಮೇಲೆ ಕಡಲೆಕಾಯಿ ಗಾಡಿ ಎಲ್ಲಿಂದ ಬರುತ್ತದೆ ಎಂಬ ಹಳೆಯ ಪ್ರಶ್ನೆಗೆ ಉತ್ತರ ವ್ಯಾಕರಣದಲ್ಲಿದೆ.

ಇನ್ನು ಶಾಸನಾಧಾರ. ನಮ್ಮ ರಸ್ತೆ ತಿರುವಿನ ಟ್ರಾನ್ಸ್‌ಫಾರ್ಮರಿಗೆ ಒಂದು ತಗಡು ಕಟ್ಟಿದ್ದಾರೆ. ಕೆಂಪಕ್ಷರದಲ್ಲಿ 'ಅಪಾಯ', 11000 ವೋಲ್ಟ್, ಒಂದು ಬುರುಡೆ, ಅಡ್ಡಡ್ಡ ಎರಡು ಮೂಳೆ. ಆಯುಧಪೂಜೆಯಲ್ಲಿ ಯಾರೋ ಬುರುಡೆಯ ಹಣೆಗಿಟ್ಟ ಕುಂಕುಮ ಇನ್ನೂ ಮಾಸಿಲ್ಲ. ಬೇಲಿಯ ಕಂಬಿಗೆ ಹೂವಿನಮ್ಮ ಮಲ್ಲಿಗೆ ಮಾಲೆಗಳನ್ನು ನೇತುಹಾಕುತ್ತಾರೆ. ಮಧ್ಯಾಹ್ನ ಅಲ್ಲೇ ಒಂದು ಮೇಕೆಯನ್ನೂ ಕಟ್ಟುತ್ತಾರೆ. ಮಳೆಗೆ ತಗಡಿನ ಎಡಮೂಲೆ ತುಕ್ಕು ಹಿಡಿದು 'ಅ' ಉದುರಿಹೋಗಿದೆ. ಅಂದರೆ ಅಪಾಯಕ್ಕೇ ಪಾಣಿನೀಯ ಅರ್ಥದಲ್ಲಿ ಅಪಾಯವಾಗಿ ಈಗ ಉಳಿದಿರುವುದು 'ಪಾಯ'. ಈ ಪಾಠಭೇದದ ಬಗ್ಗೆ ಎರಡು ಪಂಥಗಳಿವೆ. ಮೇಸ್ತ್ರಿ ಪಂಥದವರು ಅದನ್ನು ತಳಪಾಯವೆಂದು ಓದುತ್ತಾರೆ. ಎದುರಿನ ಮಿಲ್ಟ್ರಿ ಹೋಟೆಲಿನವರು ಕಾಲು ಸೂಪೆಂದು ವಾದಿಸಿ, ಕೆಳಗಿರುವ ಎರಡು ಮೂಳೆಗಳತ್ತ ಬೆರಳು ತೋರಿಸುತ್ತಾರೆ. ಸಾಕ್ಷ್ಯ ಅವರ ಕಡೆಗಿದೆ. ಮೇಕೆಯ ಅಭಿಪ್ರಾಯ ತಿಳಿದುಬಂದಿಲ್ಲ.

ಪದ ಬೋರ್ಡಿಗೆ ಹೋಯಿತು, ಬಾಯಿಂದ ಬಿದ್ದುಹೋಯಿತು. ಹಾಗಾದರೆ ಅಪಾಯಕ್ಕೆ ಜನ ಏನನ್ನುತ್ತಾರೆ? ಹಲವು ಗಾಯಗಳ ನಂತರ ನಾನು ಕಂಡುಕೊಂಡ ಉತ್ತರ: 'ಏನಾಗಲ್ಲ ಬನ್ನಿ.' ಧಾರವಾಡದ ಕಡೆ 'ಏನೂ ಆಗಂಗಿಲ್ಲ ಬರ್ರಿ', ಮಲೆನಾಡಿನಲ್ಲಿ 'ಎಂತ ಆಗಲ್ಲ ಬಾ ಮಾರಾಯ'. ರೂಪ ಬೇರೆ, ಅರ್ಥ ಒಂದೇ. ಅಪಾಯವಿಲ್ಲದ ಕಡೆ ಈ ಮಾತು ಕೇಳಿಬಂದದ್ದುಂಟೇ? ಚಾಪೆ ಹಾಸಿ 'ಕೂತ್ಕೊಳ್ಳಿ, ಏನಾಗಲ್ಲ' ಎಂದು ಯಾರೂ ಹೇಳುವುದಿಲ್ಲ. ಹಾಗೆ ಹೇಳಿದರೆ ಚಾಪೆ ಎತ್ತಿ ನೋಡುವುದು ಒಳ್ಳೆಯದು.

ಜ್ಯೋತಿಷ್ಯದಲ್ಲೂ ಗಂಡಾಂತವೆಂಬ ಅಪಾಯದ ಜಾಗವೊಂದಿದೆ. 27 ನಕ್ಷತ್ರ, 12 ರಾಶಿಗಳ ಚಕ್ರದಲ್ಲಿ ನಕ್ಷತ್ರವೂ ರಾಶಿಯೂ ಒಟ್ಟಿಗೇ ಮುಗಿಯುವ ಸಂಧಿಗಳು: ಆಶ್ಲೇಷಾ-ಮಘಾ, ಜ್ಯೇಷ್ಠಾ-ಮೂಲಾ, ರೇವತಿ-ಅಶ್ವಿನಿ. ಮೂರೇ ಎನ್ನುತ್ತಾರೆ. ನಾಲ್ಕನೆಯದು ನಮ್ಮ ಭಾವನ ತೋಟದಲ್ಲಿದೆ, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆಮರದ ಸಂಕ. ಆಷಾಢದ ಮಳೆ, ಮರದ ಮೇಲೆ ಹಸಿರು ಪಾಚಿ, ನನ್ನ ಕಾಲಲ್ಲಿ ಪೇಟೆ ಚಪ್ಪಲಿ. ಭಾವ ಆಚೆ ದಡದಲ್ಲಿ ಕವಳ ಜಗಿಯುತ್ತ ನಿಂತು ಆ 'ಎಂತ ಆಗಲ್ಲ' ಸೂತ್ರವನ್ನು ಉಚ್ಚರಿಸಿದರು. ನಾನು ಚತುರ್ಥಿಯಲ್ಲಿ ಹೊರಟೆ, ನಡುವೆ ಪಂಚಮಿಯಲ್ಲಿ ಬಿದ್ದೆ.

ಕ್ರಿಯಾಪದದ ಕಾಲರೂಪಗಳು ಅಂದೇ ಸ್ಪಷ್ಟವಾದದ್ದು. ಬೀಳುವ ಮುಂಚೆ: 'ಎಂತ ಆಗಲ್ಲ.' ಮೊಣಕಾಲು ತರಚಿ ಸೊಂಟದವರೆಗೆ ಕೆಸರಲ್ಲಿದ್ದಾಗ: 'ಎಂತ ಆಗಲಿಲ್ಲ ಅಲ್ದಾ?' ಸಂಜೆ ಅಕ್ಕ ಅರಿಶಿನ ಹಚ್ಚುವಾಗ, ಜಗಲಿಯಿಂದ: 'ನಂಗೆ ಆಗಲೇ ಗೊತ್ತಿತ್ತು.'