ಗೆಡ್ಡೆಗೆ ಬೆನ್ನು ಕಾಯಿಸುವ ಚಟ

ಅಮೆರಿಕದ ಓಹಾಯೋದಲ್ಲಿರುವ ಮಗಳ ಮನೆಗೆ ಹೋದವನು ಸುಮ್ಮನೆ ಕೂರಬೇಕಿತ್ತು. ಆಗಸ್ಟ್‌ನಲ್ಲಿ ಪಕ್ಕದ ಮನೆಯಾಕೆ ಏಳು ಐರಿಸ್ ಗೆಡ್ಡೆ ಕೊಟ್ಟರು. ಥೇಟ್ ನಮ್ಮ ಶುಂಠಿ! ಸಾಗರದ ಕಡೆ ಮೂವತ್ತು ವರ್ಷ ಶುಂಠಿ ಬೆಳೆದವನಿಗೆ ಪಾಠ ಹೇಳುವವರು ಯಾರು? ಎರಡು ಇಂಚು ಆಳಕ್ಕೆ ಹೂತು, ಮೇಲೆ ದಪ್ಪಗೆ ತರಗೆಲೆ ಹೊದಿಸಿ, ದಿನಾ ನೀರು ಕುಡಿಸಿದೆ. ಬಾಣಂತಿಗೂ ಅಷ್ಟು ಆರೈಕೆ ಇರಲಿಕ್ಕಿಲ್ಲ.

ಮೂರನೇ ವಾರ ಒಂದರ ಎಲೆ ಹಿಡಿದು ಮೆಲ್ಲಗೆ ಎಳೆದೆ. ಕೈಗೇ ಬಂತು. ಬುಡದಲ್ಲಿ ಗೆಡ್ಡೆ ಅಂಬಲಿಯಾಗಿತ್ತು. ಆ ನಾತಕ್ಕೆ ಮಗಳು ಬಾಗಿಲಲ್ಲೇ ತಡೆದಳು: "ಅಪ್ಪಾ, ಮೊದಲು ಕೈ ತೊಳ್ಕೊಂಡು ಬಾ."

ಪಕ್ಕದ ಮನೆಯಾಕೆ ನಗು ತಡೆದುಕೊಂಡು ವಿವರಿಸಿದರು. ಇದು ಗಡ್ಡದ ಐರಿಸ್ (ಎಸಳಿನ ಮೇಲೆ ರೋಮದ ಸಾಲಿರುವುದಕ್ಕೆ ಆ ಹೆಸರು, ಸ್ವಭಾವವೂ ಸನ್ಯಾಸಿಯದೇ). ಬೇರು ಮಣ್ಣಲ್ಲಿ, ಬೆನ್ನು ಬಿಸಿಲಲ್ಲಿ ಇರಬೇಕು. ಕತ್ತರಿಸಿದ ಗಾಯ ನೆಡುವ ಮುನ್ನ ಒಂದೆರಡು ದಿನ ಒಣಗಬೇಕು. ಹಸಿ ಗಾಯದಲ್ಲೇ ಕೊಳೆಸುವ ಬ್ಯಾಕ್ಟೀರಿಯಾ ನುಗ್ಗುವುದು. ಹೊದಿಕೆ ಬೇಡ, ನೀರು ನಿಲ್ಲಬಾರದು.

ನೀರು ನಿಂತರೆ ಕೊಳೆ ಅಂತ ನನಗೆ ಗೊತ್ತಿರಲಿಲ್ಲವೇ? ಊರಲ್ಲಿ ಏರುಮಡಿ ಮಾಡದೆ ಶುಂಠಿ ಹಾಕಿದವನೇ ಅಲ್ಲ. ವಿಮಾನ ಹತ್ತುವಾಗ ಬುದ್ಧಿಯನ್ನು ಸಾಗರದಲ್ಲೇ ಬಿಟ್ಟಿದ್ದೆ.

ಉಳಿದ ಗೆಡ್ಡೆಗಳ ಮೆತ್ತಗಾದ ಭಾಗವನ್ನು ಅಡುಗೆಮನೆ ಚಮಚದಿಂದ ಕೆರೆದು ತೆಗೆದು, ಒಣಗಿಸಿ, ದಿಬ್ಬ ಏರಿಸಿ ನೆಟ್ಟೆ. ಮೊಸಳೆಮರಿಗಳು ಬಿಸಿಲು ಕಾಯಿಸುತ್ತಾ ಮಲಗಿದ ಹಾಗಿದ್ದವು. ಮರುವರ್ಷ ಮೇ ತಿಂಗಳಲ್ಲಿ ನಾಲ್ಕು ಗಿಡ ನೇರಳೆ ಹೂ ಬಿಟ್ಟವು. ಮಗಳು ಫೋಟೋ ಕಳಿಸಿದಳು. ಚಮಚಕ್ಕೆ ಮಾತ್ರ ಇವತ್ತಿಗೂ ಅಡುಗೆಮನೆಗೆ ಪ್ರವೇಶವಿಲ್ಲ.